ಹೇಳದೆ ಉಳಿಸಿದ ಸಾಲು

ಡಂಡೀ,
2 ಜುಲೈ 2020

ಸ್ಕೆಲ್ಸೇ ದ್ವೀಪದ ಜನನ ಮರಣ ರಿಜಿಸ್ಟ್ರಾರ್ ಮಹಾಶಯೆಗೆ,

ಮೊನ್ನೆ ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ನಿಮ್ಮ ಫೋನಿನಲ್ಲಿ ಗುಡುಗಿದ ಗಂಟಲು ನನ್ನದೇ. ನಲವತ್ತೆಂಟು ವರ್ಷ ನಾಟಕಶಾಲೆಯ ಗ್ಯಾಲರಿಯ ಕಟ್ಟಕಡೆಯ ಬೆಂಚಿಗೂ ಕೇಳಿಸುವ ಹಾಗೆ ಮಾತಾಡಿ ಮಾತಾಡಿ ಮೆಲ್ಲಗೆ ಮಾತಾಡುವ ವಿದ್ಯೆಯೇ ಮರೆತುಹೋಗಿದೆ. ಕಿವಿಗೆ ಪೆಟ್ಟಾಗಿದ್ದರೆ ಎರ್ಲೆಂಡ್ ಹ್ಯಾಲ್ಕ್ರೋನ ಕ್ಷಮಾಪಣೆ ಸ್ವೀಕರಿಸಬೇಕು.

ಆದರೆ ಈ ಕಾಗದ ಕ್ಷಮೆಗಲ್ಲ, ಕೃತಜ್ಞತೆಗೆ. ನನ್ನ ಅಕ್ಕ ಥೋರಾ ನಿಮ್ಮ ಊರಿನ ನರ್ಸಮ್ಮ. ಅರ್ಧ ದ್ವೀಪ ಹುಟ್ಟಿದ್ದು ಅವಳ ಕೈಮೇಲೆ. ಅವಳು ಕಣ್ಣು ಮುಚ್ಚಿದಾಗ ದೋಣಿಯವರು ಹೊರಗಿನವರನ್ನು ಹತ್ತಿಸುತ್ತಿರಲಿಲ್ಲ, ನನ್ನ ಸೊಂಟ ನನ್ನನ್ನು ಮೆಟ್ಟಿಲು ಇಳಿಸುತ್ತಿರಲಿಲ್ಲ. ಎಂಟು ದಿನದೊಳಗೆ ಯಾರಾದರೂ ನಿಮ್ಮ ಮೇಜಿನ ಮುಂದೆ ಬಂದು ಕೂತು ಸಹಿ ಹಾಕಲೇಬೇಕು ಎಂದಿದ್ದ ಕಾಯಿದೆ, ಈ ಪಿಡುಗಿನ ಕಾಲಕ್ಕೆ ಮಾತ್ರ ಕೊಂಚ ಬಾಗಿ, ಫೋನಿನಲ್ಲಿ ಹೇಳಿದರೂ ಸರಿ ಎಂದಿತಲ್ಲ, ಆ ಬಾಗಿದ ಬೆನ್ನಿಗೆ ನನ್ನ ನಮಸ್ಕಾರ.

ನೀವು ಇಡೀ ಪುಟವನ್ನು ಸಾಲು ಸಾಲಾಗಿ ಓದಿ ಹೇಳಿದಿರಿ. ಅವಳ ಹೆಸರು, ಅವಳ ಉದ್ಯೋಗ, ನಮ್ಮ ಅಪ್ಪನ ಹೆಸರು, ಅವ್ವನ ತೌರಿನ ಹೆಸರು. ಪ್ರತಿ ಸಾಲಿನ ಕೊನೆಗೆ ತಡೆದು ನಿಂತು, "ಸರಿಯಿದೆಯಾ, ಹ್ಯಾಲ್ಕ್ರೋ ಅವರೇ?" ಎಂದಿರಿ. ನಾನು ರಾತ್ರಿಯ ಅಂಗಿಯಲ್ಲೇ ಅಡಿಗೆಮನೆಯಲ್ಲಿ ನಿಂತು ಅಳುತ್ತಿದ್ದೆ. ನಿಮಗೆ ಅದು ಕಾಣಲಿಲ್ಲ. ಆ ಕಾಣದಿದ್ದುದಕ್ಕೂ ಒಂದು ನಮಸ್ಕಾರ.

ತಮ್ಮ ಋಣಿ,
ಎರ್ಲೆಂಡ್ ಹ್ಯಾಲ್ಕ್ರೋ


ಸ್ಕೆಲ್ಸೇ, ಆರ್ಕ್ನಿ,
14 ಜುಲೈ 2020

ಶ್ರೀ ಹ್ಯಾಲ್ಕ್ರೋ ಅವರಿಗೆ,

ಕಾಗದ ತಲುಪಿತು. ಈ ಕೆಲಸದಲ್ಲಿ ಯಾರೂ ಧನ್ಯವಾದ ಬರೆಯುವುದಿಲ್ಲ, ಹಾಗಾಗಿ ಹೇಗೆ ಉತ್ತರಿಸಬೇಕೆಂದು ಗೊತ್ತಾಗಲಿಲ್ಲ.

ಥೋರಾಳನ್ನು ಕಳಿಸಿಕೊಟ್ಟ ಬಗೆ ನಿಮಗೆ ತಿಳಿದಿರಬೇಕು. ಚರ್ಚಿನ ಬಳಿ ಸೇರುವಂತಿರಲಿಲ್ಲವಲ್ಲ, ಅದಕ್ಕೇ ಊರವರು ತಂತಮ್ಮ ದಾರಿಯ ತುದಿಯಲ್ಲಿ ನಿಂತರು. ಪೆಟ್ಟಿಗೆ ಟ್ರ್ಯಾಕ್ಟರಿನ ಹಿಂದೆ ನಿಧಾನವಾಗಿ ಹೋಯಿತು. ಉತ್ತರದ ತುದಿಯಿಂದ ಸ್ಮಶಾನದವರೆಗೆ ಒಂದು ಗೇಟಿನ ಮುಂದೆಯೂ ಜಾಗ ಖಾಲಿ ಇರಲಿಲ್ಲ. ಅವಳ ಕೈಮೇಲೆ ಹುಟ್ಟಿದವರೆಲ್ಲ ಬಂದಿದ್ದರು ಅಂತ ಇಟ್ಟುಕೊಳ್ಳಿ.

ಫೋನಿನ ವ್ಯವಸ್ಥೆ ನಿಮಗೆ ಹಿಡಿಸಿದ್ದು ಸಂತೋಷ. ನನಗೆ ಅಷ್ಟು ಹಿಡಿಸಿಲ್ಲ. ಎದುರಿಗೆ ಕೂತವರಿಗೆ ಮೊದಲು ಚಹಾ ಕೊಡುತ್ತೇನೆ, ಆಮೇಲೆ ಪುಟ ತೆರೆಯುತ್ತೇನೆ, ಬರೆಯುವಾಗ ಆಗಾಗ ತಲೆ ಎತ್ತಿ ಮುಖ ನೋಡುತ್ತೇನೆ. ಕೊನೆಗೆ ನಮ್ಮ ಕಚೇರಿಯ ಶಾಯಿಯಲ್ಲಿ ಅವರ ಸಹಿ. ಆ ಶಾಯಿ ಬರೆದಾಗ ನೀಲಿ, ದಿನ ಕಳೆದಂತೆ ಕಪ್ಪು. ಮತ್ತೆ ನೂರು ವರ್ಷ ಅಲುಗುವುದಿಲ್ಲ. ಫೋನಿನಲ್ಲಿ ಇದಾವುದೂ ಇಲ್ಲ.

ನಮ್ಮ ದ್ವೀಪದ ಬೇರ್ ಬಾರ್ಲಿಯ ಹಿಟ್ಟಿನ ಎರಡು ರೊಟ್ಟಿ ಕಳಿಸಿದ್ದೇನೆ. ಥೋರಾ ತಿಂಗಳಿಗೊಮ್ಮೆ ನಿಮಗೆ ಕಳಿಸುತ್ತಿದ್ದಳೆಂದು ಗೊತ್ತು. ನಿಮ್ಮ ಹೆಸರು ನನಗೆ ಹೊಸದಲ್ಲ.

ಇಂಗಾ ಡ್ರೆವರ್


ಡಂಡೀ,
30 ಜುಲೈ 2020

ಶ್ರೀಮತಿ ಡ್ರೆವರ್ ಅವರಿಗೆ,

ರೊಟ್ಟಿ ಬಂತು. ಅಂಚೆಯಲ್ಲಿ ಹನ್ನೊಂದು ದಿನ ಪಯಣಿಸಿ ಚಪ್ಪಡಿಯಾಗಿ ಬಂತು. ಒಂದನ್ನು ಕಚ್ಚಿ ಕಟ್ಟಿಸಿದ ಹಲ್ಲು ಸಡಿಲವಾಯಿತು. ಇನ್ನೊಂದನ್ನು ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದೇನೆ. ಮೊದಲನೆಯದನ್ನು ಚಹಾದಲ್ಲಿ ನೆನೆಸಿ ಪೂರ್ತಿ ತಿಂದೆ. ನಮ್ಮ ಅವ್ವನ ರೊಟ್ಟಿಯ ರುಚಿಯೇ.

ನನ್ನ ಹೆಸರು ಹೊಸದಲ್ಲವೆಂದಿರಿ. ಆಹಾ, ಕಲಾವಿದನ ಕಿವಿಗೆ ಇದಕ್ಕಿಂತ ಸಿಹಿ ಮಾತುಂಟೆ? ಎಲ್ಲಿ ನೋಡಿದಿರಿ ತಾಯೀ ನನ್ನ ವೇಷ? ಅಬರ್ಡೀನಿನಲ್ಲೋ, ಇನ್ವರ್ನೆಸ್ಸಿನಲ್ಲೋ? ಕ್ರಿಸ್‌ಮಸ್ ಬಂತೆಂದರೆ ಮಕ್ಕಳ ನಗೆನಾಟಕ ಪ್ಯಾಂಟೊ, ಪ್ಯಾಂಟೊ ಬಂತೆಂದರೆ ದಡೂತಿ ಅಡಿಗೆಯಮ್ಮನ ವೇಷದಲ್ಲಿ ಈ ಹ್ಯಾಲ್ಕ್ರೋ. ಗಂಡಸು ಹೆಂಗಸಾಗಿ, ಹೆಂಗಸು ರಾಜಕುಮಾರನಾಗಿ, ಇಬ್ಬರು ಸೇರಿ ಒಂದು ಕುದುರೆಯಾಗಿ ಕುಣಿಯುವ ಆಟ. ನನ್ನ ಹೆಂಡತಿ ಐಲ್ಸಾ ರಾಜಕುಮಾರನ ವೇಷಕ್ಕೆ ಹೆಸರುವಾಸಿ. ತೊಡೆ ತಟ್ಟಿ ನಿಂತಳೆಂದರೆ ಮಕ್ಕಳೆಲ್ಲ ಅವಳ ಸೈನ್ಯ. ತೀರಿಹೋಗಿ ಹನ್ನೊಂದು ವರ್ಷವಾಯಿತು.

ಯಾವ ಊರಲ್ಲಿ ನೋಡಿದಿರಿ, ಬರೆಯಿರಿ.

ಎರ್ಲೆಂಡ್ ಹ್ಯಾಲ್ಕ್ರೋ


ಸ್ಕೆಲ್ಸೇ,
12 ಅಕ್ಟೋಬರ್ 2021

ಶ್ರೀ ಹ್ಯಾಲ್ಕ್ರೋ ಅವರಿಗೆ,

ಹದಿನಾಲ್ಕು ತಿಂಗಳು ಉತ್ತರಿಸಲಿಲ್ಲ, ತಪ್ಪು ನನ್ನದು. ನಿಮ್ಮ ನಾಟಕವನ್ನು ನಾನು ಎಂದೂ ನೋಡಿಲ್ಲ.

ಈಗ ಬರೆಯುತ್ತಿರುವುದು ಕೆಲಸದ ವಿಷಯಕ್ಕೆ. ಸಾವನ್ನೂ, ಸತ್ತು ಹುಟ್ಟಿದ ಮಗುವನ್ನೂ ಕಚೇರಿಗೆ ಬಾರದೆ ದಾಖಲಿಸಬಹುದೆಂಬ ತಾತ್ಕಾಲಿಕ ನಿಯಮ ಬರುವ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅದನ್ನು ಮುಂದುವರಿಸಬೇಕೇ ಬೇಡವೇ ಎಂದು ಸರ್ಕಾರ ಎಲ್ಲರ ಅಭಿಪ್ರಾಯ ಕೇಳಿದೆ. ಬೇಡ ಎಂದು ಬರೆಯಬೇಕೆಂದಿದ್ದೇನೆ. ಮೂವತ್ತೈದು ವರ್ಷ ಈ ಮೇಜಿನ ಹಿಂದೆ ಕೂತಿದ್ದೇನೆ. ಮುಖ ನೋಡದೆ ಬರೆದರೆ ತಪ್ಪಾಗುತ್ತದೆ. ಅದು ನನಗೆ ಗೊತ್ತಿರುವ ಹಾಗೆ ಬೇರೆಯವರಿಗೆ ಗೊತ್ತಿಲ್ಲ.

ಈ ಸೌಲಭ್ಯ ಬಳಸಿದವರ ಮಾತೂ ನನ್ನ ಉತ್ತರದಲ್ಲಿದ್ದರೆ ತೂಕ ಬರುತ್ತದೆ. ಥೋರಾಳ ಸಲುವಾಗಿ ನೀವೇ ಬಂದು ಸಹಿ ಹಾಕಿದ್ದರೆ ಮನಸ್ಸಿಗೆ ಸಮಾಧಾನ ಇರುತ್ತಿತ್ತು ಎಂದು ಒಂದೆರಡು ಸಾಲು ಬರೆದು ಕಳಿಸುವಿರಾ?

ಇಂಗಾ ಡ್ರೆವರ್


ಡಂಡೀ,
21 ಅಕ್ಟೋಬರ್ 2021

ಶ್ರೀಮತಿ ಡ್ರೆವರ್ ಅವರಿಗೆ,

ಇಲ್ಲ. ಸಾವಿರ ಸಲ ಇಲ್ಲ. ಪರದೆ ಹರಿದರೂ ಇಲ್ಲ, ದೀಪ ಆರಿದರೂ ಇಲ್ಲ.

ಏಕೆಂದು ಹೇಳಬೇಕಾದರೆ ನಾನು ಯಾರಿಗೂ ಹೇಳದ ಕಥೆ ಹೇಳಬೇಕು. ಕೂತು ಓದಿ.

1986ರ ಡಿಸೆಂಬರ್. ಐಲ್ಸಾ ತುಂಬು ಬಸುರಿ. ನಾನು ಇಲ್ಲಿ ದಿನಕ್ಕೆ ಎರಡು ಆಟ ಆಡುತ್ತಿದ್ದೆ. ನಾಟಕದವರ ಬಾಡಿಗೆ ಕೋಣೆ ಬಸುರಿಗೆ ತಕ್ಕ ಜಾಗವಲ್ಲವೆಂದು ನಿಮ್ಮ ದ್ವೀಪಕ್ಕೆ, ಅಕ್ಕನ ಮನೆಗೆ ಕಳಿಸಿದ್ದೆ.

ಪ್ಯಾಂಟೊದವರಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ನಾಟಕದ ಕೊನೆಯ ಎರಡು ಪ್ರಾಸದ ಸಾಲನ್ನು ತಾಲೀಮಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲ ಆಟದ ದಿನ, ತುಂಬಿದ ಸಭೆಯ ಎದುರಿಗೇ ಮೊದಲ ಸಲ. ಮುಂಚೆಯೇ ಹೇಳಿದರೆ ಆಟ ಶುರುವಾಗುವ ಮೊದಲೇ ಮುಗಿದಂತೆ. ತಾಲೀಮಿನಲ್ಲಿ ಆ ಜಾಗ ಬಂದಾಗ "ಟಂ ಟಟಂ ಟಂ" ಎಂದು ಗುನುಗಿ ಬಿಡುತ್ತೇವೆ. ಮಗುವಿಗೆ ನಾವಿಬ್ಬರೂ ಒಂದು ಹೆಸರು ಆರಿಸಿದ್ದೆವು. ಹೆಣ್ಣೇ ಎಂದು ಐಲ್ಸಾಗೆ ಖಾತ್ರಿ. ಅದನ್ನೂ ಹೇಳಬಾರದು, ಮಗು ಬಂದು ಬೆಳಕು ನೋಡಿದ ಮೇಲೆಯೇ ಹೇಳಬೇಕು ಎಂದು ಪಣ ತೊಟ್ಟೆವು. ಅಲ್ಲಿಯವರೆಗೆ ಹೊಟ್ಟೆಯ ಹೆಸರೂ ಟಂ ಟಟಂ. ಥೋರಾ ಬಯ್ದಳು: "ನಿಮ್ಮ ನಾಟಕದ ಹುಚ್ಚನ್ನ ತೊಟ್ಟಿಲಿಗೂ ತಂದ್ರೇನ್ರೋ? ನನ್ನ ಕಿವೀಲಾದ್ರೂ ಹೇಳಿ, ಶಾಲಿನ ಮೇಲೆ ಕಸೂತಿ ಹಾಕ್ಬೇಕು." ನಾವು ಹೇಳಲಿಲ್ಲ.

ಹದಿನೇಳನೆಯ ತಾರೀಕು, ಮಧ್ಯಾಹ್ನದ ಆಟದ ನಡುವೆ, ರಂಗದ ಹಿಂಬಾಗಿಲ ಫೋನು. ಅಕ್ಕ.

"ಎರ್ಲೆಂಡ್, ಮಗು ಉಸಿರಾಡ್ಲಿಲ್ಲ ಕಣೋ. ಹೆಣ್ಣು. ಐಲ್ಸಾ ಉಳ್ಕೊಂಡಿದಾಳೆ. ನೀನು ಬರ್ತೀಯಾ?"

ನಾನು ಏನೆಂದೆ ಗೊತ್ತೇ? "ಎರಡನೇ ಅಂಕ ಇದೆ, ಅಕ್ಕ" ಎಂದೆ.

ಒಳಗೆ ಹೋದೆ. ದೆವ್ವ ಬರುವ ದೃಶ್ಯ. ದೆವ್ವ ನನ್ನ ಬೆನ್ನ ಹಿಂದೆ ನಿಲ್ಲುತ್ತದೆ, ಅಡಿಗೆಯಮ್ಮನಿಗೆ ಕಾಣುವುದಿಲ್ಲ, ಒಂಬೈನೂರು ಮಕ್ಕಳು ಹಿಂದೆ ನೋಡು, ಹಿಂದೆ ನೋಡು ಎಂದು ಕಿರುಚುತ್ತಾರೆ. ಸಾವಿರಾರು ಸಲ ಆಡಿದ ಆಟ. ಅಂದು ಮಾತ್ರ ನಾನು ನಿಜವಾಗಿ ತಿರುಗಿ ನೋಡಿದೆ. ಹತ್ತಿಬಟ್ಟೆ ಹೊದ್ದ ಹುಡುಗಿಯೊಬ್ಬಳು ನಿಂತಿದ್ದಳು, ಅಷ್ಟೇ. ಆಮೇಲೆ ಇಪ್ಪತ್ತು ನಿಮಿಷ ಸಭೆಯನ್ನು ನಗಿಸಿದೆ.

ಮೂರು ದಿನ ಬಿರುಗಾಳಿ, ದೋಣಿ ಇರಲಿಲ್ಲ. ನಾಲ್ಕನೆಯ ದಿನ ಇತ್ತು. ನಾನು ಹೋಗಲಿಲ್ಲ. ನನ್ನ ವೇಷಕ್ಕೆ ಬದಲಿ ನಟ ಇದ್ದ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಇಪ್ಪತ್ತೊಂದು ದಿನದೊಳಗೆ ದಾಖಲಾಗಬೇಕು ಎಂದರು. ಆ ಕಚೇರಿಯ ಬಾಗಿಲು ದಾಟಿ, ಒಬ್ಬರ ಎದುರು ಕೂತು, ಬಣ್ಣವಿಲ್ಲದ ಮುಖ ತೋರಿಸಿ, ಆ ಹೆಸರನ್ನು ಮೊದಲ ಸಲ ಹೇಳುವುದು ನನ್ನಿಂದ ಆಗಲಿಲ್ಲ. ಐಲ್ಸಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೊನೆಗೆ ಅಕ್ಕ ಹೋಗಿ ದಾಖಲಿಸಿದಳು. ಹೆಸರು ಅವಳಿಗೆ ಗೊತ್ತಿರಲಿಲ್ಲ. ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದರಂತೆ.

ಜನವರಿಯಲ್ಲಿ ಹೋದೆ. ಐಲ್ಸಾ ಕ್ಷಮಿಸಿದೆ ಎನ್ನಲಿಲ್ಲ, ನಾನು ಕೇಳಲೂ ಇಲ್ಲ. ಇಪ್ಪತ್ತಮೂರು ವರ್ಷ ಅನ್ಯೋನ್ಯವಾಗಿ ಬಾಳಿದೆವು. ಆ ಹೆಸರನ್ನು ಇಬ್ಬರೂ ಒಮ್ಮೆಯೂ ಉಚ್ಚರಿಸಲಿಲ್ಲ.

ಈಗ ಕೇಳಿ, ಶ್ರೀಮತಿ ಡ್ರೆವರ್. ಅಂದು ಆ ಹಿಂಬಾಗಿಲ ಫೋನಿನಲ್ಲಿ, ಬಣ್ಣದ ಕೆನ್ನೆಯಲ್ಲೇ, ಯಾರಿಗೂ ಮುಖ ಕಾಣಿಸದೆ ಹೇಳಬಹುದೆಂದು ಕಾಯಿದೆ ಬಿಟ್ಟಿದ್ದರೆ ನಾನು ಹೇಳುತ್ತಿದ್ದೆ. ಅಕ್ಕನ ಸಾವನ್ನು ನಾನೇ ದಾಖಲಿಸಿದೆ, ಅಪ್ಪಟ ಮನುಷ್ಯನ ಹಾಗೆ. ನೀವು ನನ್ನ ಮುಖ ನೋಡಲಿಲ್ಲ, ಅದಕ್ಕೇ ಆಯಿತು. ಮುಖ ತೋರಿಸಬಲ್ಲವರು ಬರಲಿ, ಚಹಾ ಕುಡಿಯಲಿ. ತೋರಿಸಲಾರದವರಿಗೆ ಆ ಫೋನಿನ ತಂತಿ ಇರಲಿ. ಇದನ್ನು ಬೇಕಾದರೆ ಬರೆಯಿರಿ.

ಎರ್ಲೆಂಡ್ ಹ್ಯಾಲ್ಕ್ರೋ


ಸ್ಕೆಲ್ಸೇ,
3 ನವೆಂಬರ್ 2021

ಶ್ರೀ ಹ್ಯಾಲ್ಕ್ರೋ ಅವರಿಗೆ,

ಕಾಗದ ಬಂತು. ಉತ್ತರಕ್ಕೆ ಸಮಯ ಬೇಕು.

ಇಂಗಾ ಡ್ರೆವರ್


ಡಂಡೀ,
17 ಡಿಸೆಂಬರ್ 2021

ಶ್ರೀಮತಿ ಡ್ರೆವರ್ ಅವರಿಗೆ,

ಆರು ವಾರವಾಯಿತು. ನಿಮ್ಮ ಒಂದೂವರೆ ಸಾಲನ್ನು ದಿನಾ ಓದುತ್ತೇನೆ. ನಾನು ಅತಿಯಾಗಿ ಅಬ್ಬರಿಸಿದೆ. ನಿಮ್ಮ ವೃತ್ತಿಯನ್ನು ಹೀಗಳೆದೆನೆಂದು ನೊಂದಿರಬೇಕು. ಬಾಯಿಬಡುಕ ಮುದುಕನ ಮಾತು ಬಿಟ್ಟುಹಾಕಿ. ನೀವು ಬೇಡವೆಂದು ಬರೆದಿದ್ದರೂ ಕೋಪವಿಲ್ಲ. ಅಕ್ಕನ ಪುಟವನ್ನು ಅಷ್ಟು ಮೆಲ್ಲಗೆ ಓದಿದವರ ಮೇಲೆ ನನಗೆ ಕೋಪ ಬರುವುದು ಹೇಗೆ?

ಹಬ್ಬದ ಶುಭಾಶಯ. ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಡಬ್ಬಿ ಕಳಿಸಿದ್ದೇನೆ. ಇದು ಹಲ್ಲಿಗೆ ಸೋಲುತ್ತದೆ.

ಎರ್ಲೆಂಡ್


ಸ್ಕೆಲ್ಸೇ,
9 ಜನವರಿ 2022

ಎರ್ಲೆಂಡ್ ಅವರೇ,

ನಾನು ನೊಂದಿಲ್ಲ. ಹೆದರಿದ್ದೆ.

ಆ ಅಡ್ಡಗೆರೆ ಎಳೆದವಳು ನಾನು.

1986ರಲ್ಲಿ ನನಗೆ ಇಪ್ಪತ್ತೈದು, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಬಿರುಗಾಳಿಯಿಂದ ದೋಣಿ ತಪ್ಪಿ, ವರ್ಷಾಂತ್ಯದ ಕಾಗದಗಳ ಕಟ್ಟು ಮೇಜಿನ ಮೇಲೆ ಬಾಕಿ ಬಿದ್ದಿತ್ತು. ಅಂದು ಅದನ್ನು ಒಯ್ಯುವ ದೋಣಿ ಬರುವುದಿತ್ತು. ಥೋರಾ ಬಂದು ಕೂತಳು. ಒಂದೊಂದೇ ಕೇಳಿ ಬರೆದೆ. ಹೆಸರು ಎಂದಾಗ ಅವಳು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಹೆಸರಿದೆ ಕಣೇ ಇಂಗಾ, ಅವ್ರಿಗೆ ಗೊತ್ತು. ನಂಗೆ ಹೇಳಿಲ್ಲ. ಎರ್ಲೆಂಡ್ ಬರೋವರ್ಗೂ ಆ ಜಾಗ ಹಾಗೇ ಬಿಡೋಕಾಗತ್ತಾ?" ಪುಟದಲ್ಲಿ ಖಾಲಿ ಬಿಡುವಂತಿಲ್ಲ ಎಂದೆ. ನಿಯಮ ಹಾಗೇ ಇದೆ. ಆದರೆ ಪುಟವನ್ನೇ ಇನ್ನೆರಡು ವಾರ ತೆರೆಯದೆ ಕಾಯಬಹುದಿತ್ತು, ದಿನಗಳಿದ್ದವು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ತಲೆ ಎತ್ತದೆ ಗೆರೆ ಎಳೆದೆ. ಅವಳು ಸಹಿ ಹಾಕಿದಳು. ದೋಣಿಯ ಸೀಟಿ ಕೇಳಿಸಿತು.

ಮರುದಿನದಿಂದ ಎದುರಿಗೆ ಕೂತವರ ಮುಖ ನೋಡುವುದನ್ನು ಕಲಿತೆ. ಮುಖ ನೋಡಲೇಬೇಕೆಂಬ ನನ್ನ ಹಟ ಇಲ್ಲಿಂದ ಹುಟ್ಟಿದ್ದು. ನಿಮ್ಮ ಹೆಸರು ಹೊಸದಲ್ಲ ಎಂದದ್ದೂ ಇದಕ್ಕೇ. ನೀವು ನಾಟಕ ಎಂದುಕೊಂಡಿರಿ, ನಾನು ತಿದ್ದಲಿಲ್ಲ. ಥೋರಾ ಮತ್ತು ನಾನು ಮೂವತ್ತು ವರ್ಷ ಗುರುವಾರ ಗುರುವಾರ ಇಸ್ಪೀಟು ಆಡಿದೆವು. ಆ ಗೆರೆಯ ಮಾತು ಇಬ್ಬರೂ ಎತ್ತಲಿಲ್ಲ.

ನವೆಂಬರಿನಲ್ಲಿ ಸರ್ಕಾರಕ್ಕೆ ಬರೆದದ್ದು ಇಷ್ಟು: "ಎದುರಿಗೇ ಕೂತಿದ್ದರೂ ಅವರ ಮುಖ ನೋಡದೆ ತಪ್ಪು ಮಾಡಬಹುದು, ನಾನು ಮಾಡಿದ್ದೇನೆ. ದೂರದಲ್ಲಿರುವವರ ಮಾತನ್ನು ಕಿವಿಗೊಟ್ಟು ಕೇಳಿದರೆ ಸರಿಯಾಗಿಯೂ ಬರೆಯಬಹುದು. ನಿಯಮ ಮುಂದುವರಿಯಲಿ."

ಇನ್ನೊಂದು ಮಾತು. ಹೆಸರನ್ನು ಈಗಲೂ ಸೇರಿಸಬಹುದು. ಹಳೆಯ ಗೆರೆಯನ್ನು ಅಳಿಸುವಂತಿಲ್ಲ, ಆದರೆ ತಂದೆ ಹೇಳಿದರೆ ದಾಖಲೆಗೆ ಹೆಸರು ಸೇರುತ್ತದೆ. ತಾತ್ಕಾಲಿಕ ನಿಯಮ ಇರುವವರೆಗೆ ಫೋನಿನಲ್ಲಿ ಹೇಳಿದರೂ ಆಗುತ್ತದೆಂದು ಮೇಲಿನ ಕಚೇರಿಯವರನ್ನು ಕೇಳಿ ತಿಳಿದುಕೊಂಡಿದ್ದೇನೆ. ಮಾರ್ಚ್ 31 ಕೊನೆಯ ದಿನ. ಆಮೇಲೆ ನಿಮ್ಮ ಸೊಂಟ ಮೆಟ್ಟಿಲು ಇಳಿಯಬೇಕಾಗುತ್ತದೆ.

ಇಂಗಾ


ಡಂಡೀ,
11 ಫೆಬ್ರವರಿ 2022

ಇಂಗಾ,

ನಿಮ್ಮ ಕಾಗದ ಓದಿ ಒಂದು ಇಡೀ ದಿನ ಸುಮ್ಮನಿದ್ದೆ. ಕೆಳಗಿನ ಮನೆಯಾಕೆ ಗಾಬರಿಯಾಗಿ ಬಂದು ಬಾಗಿಲು ತಟ್ಟಿದಳು. "ಸದ್ದೇ ಇಲ್ವಲ್ಲ ಹ್ಯಾಲ್ಕ್ರೋ, ಹೋಗ್ಬಿಟ್ರೇನೋ ಅಂತ ಬಂದೆ" ಎಂದಳು.

ನಿಮ್ಮ ಮೇಲೆ ನನಗೇನೂ ಇಲ್ಲ. ಗೆರೆ ಎಳೆದ ಕೈ ನಿಮ್ಮದು. ಆ ಕುರ್ಚಿಯಲ್ಲಿ ಇರಬೇಕಾಗಿದ್ದ ದೇಹ ನನ್ನದು. ಇಪ್ಪತ್ತೈದರ ಹುಡುಗಿಯ ಅವಸರಕ್ಕೂ ಮೂವತ್ತಾರರ ಗಂಡಸಿನ ಹೇಡಿತನಕ್ಕೂ ತಕ್ಕಡಿ ಹಿಡಿಯಬೇಡಿ. ಮೂವತ್ತೈದು ವರ್ಷ ಆ ಪುಟವನ್ನು ಮನಸ್ಸಿನಲ್ಲಿಟ್ಟು ಕಾದ ಇನ್ನೊಂದು ಜೀವ ಲೋಕದಲ್ಲಿತ್ತೆಂದು ತಿಳಿದು ನನಗೆ ಆದದ್ದು ಕೋಪವಲ್ಲ, ಜೊತೆ ಸಿಕ್ಕ ಸಮಾಧಾನ.

ಆದರೆ ಫೋನು ಮಾಡಲಾಗುತ್ತಿಲ್ಲ. ಮೂರು ಸಲ ನಿಮ್ಮ ಸಂಖ್ಯೆ ಒತ್ತಿ, ಗಂಟೆ ಬಾರಿಸುವ ಮುಂಚೆ ಇಟ್ಟೆ. ನಲವತ್ತೆಂಟು ವರ್ಷದಲ್ಲಿ ಒಂದು ಸಾಲು ಮರೆತವನಲ್ಲ ನಾನು. ಈ ಸಾಲು ನೆನಪಿದೆ, ಗಂಟಲು ಇಲ್ಲ. ಇದು ಕೊನೆಯ ಸಾಲು, ಇಂಗಾ. ಹೇಳಿದರೆ ಪರದೆ ಬೀಳುತ್ತದೆ. ಹೇಳದಿರುವವರೆಗೆ ಅವಳು ಇನ್ನೂ ಹುಟ್ಟಬೇಕಾದವಳು ಎಂದು ಎಲ್ಲೋ ಒಳಗೆ ನಂಬಿ ಕೂತಿದ್ದೇನೋ ಏನೋ.

ಮಾರ್ಚ್ ಹತ್ತಿರ ಬರುತ್ತಿದೆ. ನನ್ನನ್ನು ಕಾಯಬೇಡಿ.

ಎರ್ಲೆಂಡ್


ಸ್ಕೆಲ್ಸೇ,
16 ಮಾರ್ಚ್ 2022

ಎರ್ಲೆಂಡ್,

ಇದೀಗ ತಿಳಿಯಿತು. ನಿಯಮವನ್ನು ಸೆಪ್ಟೆಂಬರ್ ಕೊನೆಯವರೆಗೆ ಮುಂದುವರಿಸಿದ್ದಾರೆ.

ಆರು ತಿಂಗಳು. ಯಾವ ದೋಣಿಯೂ ಕಾಯುತ್ತಿಲ್ಲ, ಮೇಜಿನ ಮೇಲೆ ಯಾವ ಕಟ್ಟೂ ಇಲ್ಲ. ಅಂದು ಅವಸರ ಮಾಡಿದೆ, ಈ ಸಲ ಮಾಡುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ನಾನು ಇಲ್ಲಿರುತ್ತೇನೆ. ನೀವು ಫೋನು ಮಾಡಿ ಏನೂ ಹೇಳದೆ ಇಟ್ಟರೂ ಬೇಸರವಿಲ್ಲ. ನೀವೆಂದು ನನಗೆ ಗೊತ್ತಾಗುತ್ತದೆ.

ಇಂಗಾ


ಸ್ಕೆಲ್ಸೇ,
27 ಮೇ 2022

ಪ್ರೀತಿಯ ಎರ್ಲೆಂಡ್,

ಮಾರ್ಚಿನಿಂದ ಏಳು ಸಲ ಫೋನು ಬಂದು ಮಾತಿಲ್ಲದೆ ಇಟ್ಟುಹೋಯಿತು. ಎಂಟನೆಯದು ಮೊನ್ನೆ ಮಂಗಳವಾರ.

ನಾನು ಪುಟ ಓದಿದೆ. ಹೆಣ್ಣು. 1986 ಡಿಸೆಂಬರ್ 17, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ, ಸ್ಕೆಲ್ಸೇ. ತಂದೆ ಎರ್ಲೆಂಡ್ ಹ್ಯಾಲ್ಕ್ರೋ, ನಟ. ತಾಯಿ ಐಲ್ಸಾ ಹ್ಯಾಲ್ಕ್ರೋ, ನಟಿ. ಪ್ರತಿ ಸಾಲಿಗೂ ಸರಿ ಎಂದಿರಿ, ಅಷ್ಟು ಮೆಲ್ಲನೆಯ ದನಿ ನಿಮ್ಮಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ಹೆಸರು ಕೇಳಿದೆ. ಕಾದೆ. ಗಡಿಯಾರದಲ್ಲಿ ನಾಲ್ಕು ನಿಮಿಷ.

ನೀವು ಹೇಳಿದಿರಿ. ಆಮೇಲೆ ನಾನು ಮಾತಾಡದೆ ಹೋದದ್ದಕ್ಕೆ ಫೋನು ಕಡಿದುಹೋಯಿತೆಂದುಕೊಂಡು ಹಲೋ ಹಲೋ ಎಂದು ಮೊದಲಿನ ಹಾಗೆ ಗುಡುಗಿದಿರಿ. ಕಡಿದಿರಲಿಲ್ಲ. ನನ್ನ ಕಣ್ಣು ಪುಟದ ಅಡಿಗೆ ಹೋಗಿತ್ತು. ಮೇಲೆ ಹೆಸರಿನ ಜಾಗದಲ್ಲಿ ನನ್ನ ಗೆರೆ. ಕೆಳಗೆ, ಮಾಹಿತಿ ಕೊಟ್ಟವರ ಸಹಿಯಲ್ಲಿ, ನರ್ಸಮ್ಮನ ದುಂಡು ಅಕ್ಷರದಲ್ಲಿ, ಕಪ್ಪಾಗಿ: ಥೋರಾ ಹ್ಯಾಲ್ಕ್ರೋ.

ನೀವು ಹೇಳಿದ ಹೆಸರೇ.

ಬರೆದಿದ್ದೇನೆ. ಮುದ್ರೆಯೊತ್ತಿದ ಪ್ರತಿ ಇದರೊಂದಿಗೆ ಇದೆ. ಕೋಣೆಯಲ್ಲಿ ನನ್ನೆದುರು ಯಾರೂ ಇರಲಿಲ್ಲ, ಆದರೂ ಬರೆಯುವಾಗ ತಲೆ ಎತ್ತಿ ನೋಡಿದೆ. ಒಂದು ಮಾತು ಕೇಳಲೇ? ಅದು ತನ್ನದೇ ಹೆಸರೆಂದು ಅವಳಿಗೆ ಆಮೇಲಾದರೂ ಗೊತ್ತಾಯಿತೇ?

ಇಂಗಾ


ಡಂಡೀ,
4 ಜೂನ್ 2022

ಪ್ರೀತಿಯ ಇಂಗಾ,

ಗೊತ್ತಾಗಲಿಲ್ಲ. ಗೊತ್ತಾಗಲು ನಾನು ಬಿಡಲಿಲ್ಲ. ಜನವರಿಯಲ್ಲಿ ಹೋದಾಗ, "ಹೆಸರು ನಂಗೆ ಗೊತ್ತಿದ್ರೆ ಬರೆಸ್ತಿದ್ದೆ ಕಣೋ" ಎಂದು ಅತ್ತಳು. ನಿನ್ನ ಹೆಸರೇ ಅಕ್ಕ, ಅದರ ಮೇಲೆಯೇ ನೀನು ಗೆರೆ ಹಾಕಿಸಿದೆ ಎಂದು ಹೇಗೆ ಹೇಳಲಿ? ನನ್ನ ಮೌನದಲ್ಲಿ ಹೇಡಿತನ ಇಲ್ಲದೆ ಇದ್ದ ಭಾಗ ಅದೊಂದೇ. ನಾನು ಬರದ ದಿನ ಬಂದವಳು ಅವಳು, ಮಗುವನ್ನು ತೊಳೆದು ಶಾಲು ಸುತ್ತಿದವಳು ಅವಳು. ಶಾಲಿನಲ್ಲಿ ಹೆಸರಿರಲಿಲ್ಲ, ಪುಟದಲ್ಲಿ ಮಾತ್ರ ತನಗೇ ತಿಳಿಯದಂತೆ ಅವಳೇ ಬರೆದಿಟ್ಟು ಹೋದಳು. ನಾವಿಬ್ಬರೂ ಬಂದು ಓದುವವರೆಗೆ.

ಪ್ರತಿಯನ್ನು ಐಲ್ಸಾಳ ಚಿತ್ರದ ಮುಂದಿಟ್ಟು ಗಟ್ಟಿಯಾಗಿ ಓದಿದೆ. ಗ್ಯಾಲರಿಯ ಕೊನೆಯ ಬೆಂಚಿಗೆ ಕೇಳಿಸುವ ಹಾಗೆ. ಕೆಳಗಿನಾಕೆ ಸೂರಿಗೆ ಪೊರಕೆ ಕುಟ್ಟಿದಳು. ಪರದೆ ಬೀಳಲಿಲ್ಲ, ಇಂಗಾ. ನಾನು ಇನ್ನೂ ಇಲ್ಲೇ ಇದ್ದೇನೆ, ಚಹಾ ಕುಡಿಯುತ್ತಿದ್ದೇನೆ.

ಈ ತಿಂಗಳು ಇಪ್ಪತ್ತಕ್ಕೆ ಆಸ್ಪತ್ರೆಯಲ್ಲಿ ಸೊಂಟದ ಕೀಲು ಬದಲಿಸುತ್ತಾರೆ. ಆಗಸ್ಟ್ ಮೂವತ್ತರ ದೋಣಿಗೆ ಜಾಗ ಹಿಡಿದಿದ್ದೇನೆ. ಮಂಗಳವಾರ. ಕಾಯಿದೆ ನನ್ನನ್ನು ಬಾ ಎನ್ನುತ್ತಿಲ್ಲ, ಬಾರದಿದ್ದರೂ ನಡೆಯುತ್ತದೆ, ಅದಕ್ಕೇ ಬರುತ್ತಿದ್ದೇನೆ. ಇಬ್ಬರು ಥೋರಾಗಳಿಗೂ ಹೂ ತರುತ್ತೇನೆ. ಹತ್ತೂಕಾಲಿಗೆ ನಿಮ್ಮ ಬಾಗಿಲಲ್ಲಿ ನಿಂತಿರುತ್ತೇನೆ, ಬಣ್ಣವಿಲ್ಲದ ಮುಖದಲ್ಲಿ.

ಚಹಾ ಇಡಿ. ರೊಟ್ಟಿ ಮಾತ್ರ ಅಂದೇ ಸುಟ್ಟಿದ್ದಿರಲಿ.

ನಿಮ್ಮ,
ಎರ್ಲೆಂಡ್
(ಥೋರಾಳ ತಮ್ಮ. ಥೋರಾಳ ಅಪ್ಪ.)